ಖಾಲಿ ಉಳಿದ ಎರಡು ಮನೆಗಳು

ಕಪ್ಪುಹಲಗೆಯ ಮೇಲೆ ಮೂವತ್ತನಾಲ್ಕು ವರ್ಷ ವರ್ಣಮಾಲೆಯನ್ನು ಬರೆದು ಅಳಿಸಿದವನು ನಾನು. ಕಣ್ಣು ಮುಚ್ಚಿ ಬರೆದರೂ ಐದೈದು ಅಕ್ಷರಗಳ ಸಾಲುಗಳು ನೇರವಾಗಿಯೇ ಮೂಡುತ್ತವೆ ಎಂಬ ಸಣ್ಣದೊಂದು ಜಂಬ ನನಗಿತ್ತು. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು. ಅಂಥ ನನಗೆ ನಮ್ಮ ಮನೆಯ ಹಜಾರದಲ್ಲಿಯೇ, ವಿದ್ಯಾರ್ಥಿಗಳ ಎದುರಿನಲ್ಲಿಯೇ, ವರ್ಣಮಾಲೆ ಕೈಕೊಟ್ಟಿತು. ಆ ಕಥೆಯನ್ನೂ, ಅದರ ಹಿಂದಿರುವ ಇತಿಹಾಸವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಿವೃತ್ತಿಯ ನಂತರ ನಾವು ಕೆಂಪಾಪುರದಲ್ಲಿ ನೆಲೆಸಿದೆವೆಂಬುದು ನಿಮಗೆಲ್ಲ ತಿಳಿದದ್ದೇ. ಬಳ್ಳಾರಿ ರಸ್ತೆಯ ಮೇಲ್ಸೇತುವೆಗಳ ಸದ್ದು, ಆಚೆ ಹೆಬ್ಬಾಳದ ಕೆರೆ, ಈಚೆ ನಾಗವಾರದ ಕಡೆಗೆ ಸಾಫ್ಟ್‌ವೇರ್ ಕಚೇರಿಗಳ ಗಾಜಿನ ಗೋಡೆಗಳು. ಅಕ್ಕಪಕ್ಕದ ಮನೆಗಳಲ್ಲಿ ಭಾರತದ ಎಲ್ಲ ಮೂಲೆಗಳಿಂದ ಬಂದವರಿದ್ದಾರೆ. ಅವರಲ್ಲಿ ಕೆಲವರು ಕನ್ನಡ ಕಲಿಯಬೇಕೆಂದು ತಾವಾಗಿಯೇ ಕೇಳಿಕೊಂಡುದರಿಂದ ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಪಾಠ ಆರಂಭವಾಯಿತು. ನನ್ನ ಕೈ ಈಗ ಸ್ವಲ್ಪ ನಡುಗುವುದರಿಂದ ಹಲಗೆಯ ಮೇಲೆ ಬರೆಯುವುದು ಕಷ್ಟ. ಇದನ್ನು ಕಂಡ ಹಳೆಯ ವಿದ್ಯಾರ್ಥಿಯೊಬ್ಬ (ನಾಗವಾರದ ಕಡೆಯ ಕಚೇರಿಯೊಂದರಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾನೆ) “ಮೇಷ್ಟ್ರೇ, ಕಂಪ್ಯೂಟರಿನ ಪರದೆಯ ಮೇಲೆ ಎಲ್ಲ ಅಕ್ಷರಗಳಿಗೂ ಒಂದೊಂದು ಗುಂಡಿ ಮಾಡಿಕೊಡೋಣ. ಒತ್ತಿದರೆ ಅಕ್ಷರ ದೊಡ್ಡದಾಗಿ ಕಾಣಿಸಲಿ, ಧ್ವನಿಯೂ ಕೇಳಿಸಲಿ” ಎಂದ. ಗುಂಡಿ ಎಂದರೆ ಒತ್ತುವ ಗುಂಡಿ, ಬೆಂಗಳೂರಿನ ರಸ್ತೆಗಳದ್ದಲ್ಲ. ಏಳನೆಯ ತರಗತಿಯ ನನ್ನ ಮೊಮ್ಮಗಳು ಶಾಲೆಯಲ್ಲಿ ಇದನ್ನೇ ಕಲಿಯುತ್ತಿದ್ದಾಳೆ. “ತಾತ, ನಾನೇ ಮಾಡ್ತೀನಿ, ಅಣ್ಣ ಹೇಳಿಕೊಡಲಿ” ಎಂದು ಹಠ ಹಿಡಿದಳು.

ಅವಳು ಗುಂಡಿಗಳನ್ನು ಒಂದೊಂದಾಗಿ ಬರೆಯತೊಡಗಿದಳು. ಕ ಗುಂಡಿ, ಅದರ ಸ್ಥಾನ, ಅದರ ಬಣ್ಣ. ಖ ಗುಂಡಿ, ಅದರ ಸ್ಥಾನ, ಅದರ ಬಣ್ಣ. ಙ ಬರುವಷ್ಟರಲ್ಲಿ ಅವಳ ತಾಳ್ಮೆ ಮುಗಿಯಿತು. ಆಗ ಅವನು ತೋರಿಸಿದ ಉಪಾಯವೇ ಈ ಬರಹದ ವಿಷಯ. ಗುಂಡಿಯನ್ನು ಒಂದೇ ಸಲ ವರ್ಣಿಸಿ, “ಇಂತಿಷ್ಟು ಸಲ ಇದನ್ನೇ ಮಾಡು, ಪ್ರತಿ ಸಲವೂ ಮುಂದಿನ ಅಕ್ಷರವನ್ನು ಹಚ್ಚು” ಎಂದು ಯಂತ್ರಕ್ಕೆ ಹೇಳಿಬಿಡುವುದು. ಅವರ ಭಾಷೆಯಲ್ಲಿ ಇದು ಲೂಪ್. ಚುಕ್ಕಿ ರಂಗೋಲಿ ಹಾಕುವ ಯಾವ ಹೆಣ್ಣುಮಗಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದು ಚುಕ್ಕಿ, ಹದಿನೈದು ಸಾಲು ಎಂದರೆ ಮುಗಿಯಿತು. ಇನ್ನೂರಿಪ್ಪತ್ತೈದು ಚುಕ್ಕಿಗಳ ಸ್ಥಾನವನ್ನು ಯಾರೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುವುದಿಲ್ಲ.

ಪರದೆಯ ಮೇಲೆ ಒಂದೇ ಬಗೆಯ ಹಲವು ವಸ್ತುಗಳನ್ನು ಇಡುವ ಈ ವಿದ್ಯೆ ನಾನು ತಿಳಿದಿದ್ದುದಕ್ಕಿಂತ ಹಳೆಯದು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ತರುಣ ತನ್ನ ಪಿಎಚ್.ಡಿ. ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ರಚಿಸಿದ. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬಿಡಿಸುವ ಏರ್ಪಾಡು ಅದು. ಅದರಲ್ಲಿ ಒಂದು ಮೂಲಚಿತ್ರವಿರುತ್ತಿತ್ತು, ಅದರ ಪ್ರತಿರೂಪಗಳು ಎಷ್ಟು ಬೇಕಾದರೂ ಇರಬಹುದಾಗಿತ್ತು. ಆತ ಒಂದು ಷಟ್ಕೋನವನ್ನು ಬಿಡಿಸಿ ಅದರ ಪ್ರತಿರೂಪಗಳನ್ನು ಜೇನುಗೂಡಿನಂತೆ ಜೋಡಿಸಿದ. ಅನಂತರ ಮೂಲವನ್ನು ಬದಲಿಸಿ ಅರ್ಧವೃತ್ತವನ್ನಿಟ್ಟಾಗ ಜೇನುಗೂಡೆಲ್ಲ ತಾನೇ ಮೀನಿನ ಹುರುಪೆಯ ವಿನ್ಯಾಸವಾಯಿತು. ಅಚ್ಚುಮೊಳೆಯ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಒಂದೇ ಅಚ್ಚಿನಿಂದ ನೂರು ‘ಕ’ ಮೊಳೆಗಳನ್ನು ಎರಕ ಹೊಯ್ದ ಮೇಲೆ ಆ ಅಚ್ಚನ್ನು ತಿದ್ದಿದರೆ ಮೊದಲು ಹೊಯ್ದ ಮೊಳೆಗಳೇನೂ ಬದಲಾಗವು. ನನ್ನ ಮಟ್ಟಿಗೆ ಸದರ್‌ಲ್ಯಾಂಡನ ಕೆಲಸದ ಹೊಸತನವೆಲ್ಲ ಇಲ್ಲಿದೆ.

ನಡುವಿನ ವರ್ಷಗಳನ್ನು ಬೇಗನೆ ದಾಟುತ್ತೇನೆ. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಿಟಕಿ, ಗುಂಡಿ, ಚಿತ್ರಗಳ ಪರದೆಯನ್ನು ಜನಸಾಮಾನ್ಯರ ಮೇಜಿಗೆ ತಂದಿತು. 1991ರಲ್ಲಿ ಬಂದ ವಿಶುವಲ್ ಬೇಸಿಕ್‌ನಲ್ಲಿ ಗುಂಡಿಗಳನ್ನು ಕೈಯಿಂದ ಎಳೆದು ಪರದೆಯ ಮೇಲೆ ಇಡಬಹುದಾಗಿತ್ತು. ಹಲವು ಗುಂಡಿಗಳಿಗೆ ಒಂದೇ ಹೆಸರಿಟ್ಟು, ಹಾಜರಿ ಪುಸ್ತಕದಲ್ಲಿರುವಂತೆ ಒಂದು, ಎರಡು ಎಂದು ಕ್ರಮಸಂಖ್ಯೆಯಿಂದ ಕೂಗಿ ಕರೆಯುವ ಸೌಕರ್ಯವೂ ಇತ್ತು. ನನ್ನ ವಿದ್ಯಾರ್ಥಿಗಳಲ್ಲಿ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ತರಗತಿಗಳಿಗೆ ಸೇರಿದವರು ಮೊದಲು ಕಲಿತದ್ದು ಬಹುಶಃ ಇದನ್ನೇ. 2002ರಲ್ಲಿ ಅದರ ಉತ್ತರಾಧಿಕಾರಿಯಾಗಿ ವಿಬಿ ಡಾಟ್ ನೆಟ್ ಬಂದಾಗ ಆ ಸೌಕರ್ಯವನ್ನು ಕೈಬಿಟ್ಟರಂತೆ. “ಎಷ್ಟೋ ಹಳೆಯ ಪ್ರೋಗ್ರಾಂಗಳನ್ನು ಮತ್ತೆ ಬರೆಯಬೇಕಾಯಿತು ಮೇಷ್ಟ್ರೇ” ಎಂದು ಅವನು ಇಂದಿಗೂ ಗೊಣಗುತ್ತಾನೆ.

ಮೊಮ್ಮಗಳ ಲೂಪಿಗೆ ಬರುತ್ತೇನೆ. ಯಂತ್ರಕ್ಕೆ ಕ ಎಂಬುದು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿರುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ‘ಕ’ದ ಸಂಖ್ಯೆ 3221, ‘ಹ’ದ ಸಂಖ್ಯೆ 3257. ಆದ್ದರಿಂದ ಅವಳು “3221ರಿಂದ 3257ರವರೆಗೆ ಎಣಿಸುತ್ತ ಹೋಗು, ಪ್ರತಿ ಸಂಖ್ಯೆಗೂ ಒಂದು ಗುಂಡಿ ಇಡು, ಐದು ಗುಂಡಿಗೊಂದು ಸಾಲು ಮಾಡು” ಎಂದು ಬರೆದಳು. ಕೋಡ್ ಐದಾರು ಸಾಲು ಮಾತ್ರ. ಕ್ಷಣಮಾತ್ರದಲ್ಲಿ ಮೂವತ್ತೇಳು ಗುಂಡಿಗಳು ಪರದೆಯ ಮೇಲೆ ಬಂದು ಕುಳಿತವು. ಹುಡುಗಿ ಚಪ್ಪಾಳೆ ತಟ್ಟಿದಳು.

ಮೊದಲ ತೊಂದರೆ ಒತ್ತಿದಾಗ ಕಾಣಿಸಿತು. ಕ ಒತ್ತಿದರೆ ಹ. ಮ ಒತ್ತಿದರೆ ಹ. ಯಾವುದನ್ನು ಒತ್ತಿದರೂ ಹ! ಅವನು ನಕ್ಕು, ಇದು ಜಾವಾಸ್ಕ್ರಿಪ್ಟ್ ಕಲಿಯುವವರೆಲ್ಲ ಎಡವುವ ಕಲ್ಲು ಎಂದ. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮೇಷ್ಟರು ಹಲಗೆಯ ಮೇಲೆ ಒಂದೇ ಜಾಗದಲ್ಲಿ ಅಕ್ಷರಗಳನ್ನು ಒಂದರ ನಂತರ ಒಂದು ಬರೆದು ಅಳಿಸುತ್ತ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನು ನಿಲ್ಲಿಸಿ “ನಿನ್ನದು ಇದು” ಎನ್ನುತ್ತಾರೆ. ಹುಡುಗರು ಅಕ್ಷರವನ್ನು ತಮ್ಮ ಸ್ಲೇಟಿನಲ್ಲಿ ಬರೆದುಕೊಳ್ಳದೆ, ಕೇಳಿದಾಗ ಹಲಗೆ ನೋಡಿ ಹೇಳಿದರಾಯಿತೆಂದು ಸುಮ್ಮನಿರುತ್ತಾರೆ. ಪಾಠ ಮುಗಿದ ಮೇಲೆ ಯಾರನ್ನು ಕೇಳಿದರೂ ಹಲಗೆಯ ಮೇಲೆ ಉಳಿದಿರುವುದು ಕೊನೆಯ ಅಕ್ಷರವೇ. ಪ್ರತಿ ಗುಂಡಿಗೂ ಅದರದೇ ಸ್ಲೇಟು ಕೊಡುವ ಸುಲಭ ವಿಧಾನ ಆ ಭಾಷೆಯ 2015ರ ಪರಿಷ್ಕರಣೆಯಲ್ಲಿ ಸೇರಿತು. ಒಂದು ಪದ ಬದಲಿಸಿದೊಡನೆ ಎಲ್ಲ ಗುಂಡಿಗಳೂ ತಂತಮ್ಮ ಅಕ್ಷರವನ್ನೇ ನುಡಿದವು.

ಎರಡನೆಯ ತೊಂದರೆಯನ್ನು ನಾವು ಮೂವರೂ ಗಮನಿಸಲಿಲ್ಲ. ಭಾನುವಾರ ಎಲ್ಲರ ಮುಂದೆ ಪರದೆ ತೆರೆದಾಗಲೇ ಕಂಡದ್ದು. ಕವರ್ಗ, ಚವರ್ಗ, ಟವರ್ಗ, ತವರ್ಗ ನೆಟ್ಟಗಿದ್ದವು. ಐದನೆಯ ಸಾಲಿನ ಮೊದಲ ಮನೆಯೇ ಖಾಲಿ! ಹೀಗಾಗಿ ‘ಪ’ ಎರಡನೆಯ ಮನೆಗೆ ಸರಿದು, ‘ಮ’ ಸಾಲಿನಿಂದ ಹೊರಬಿದ್ದು ಕೆಳಗಿನ ಸಾಲಿಗೆ ಇಳಿದಿತ್ತು. ಙ, ಞ, ಣ, ನ ಎಂಬ ಅನುನಾಸಿಕಗಳ ಕಂಬದ ಬುಡದಲ್ಲಿ ‘ಮ’ ಇರಬೇಕಾದಲ್ಲಿ ‘ಭ’ ಕುಳಿತಿತ್ತು. ವರ್ಗೀಯ ವ್ಯಂಜನಗಳ ಸೊಗಸೇ ಆ ಚೌಕದಲ್ಲಿದೆ. ಅಡ್ಡಲಾಗಿ ಓದಿದರೆ ಹುಟ್ಟುವ ಸ್ಥಾನ, ಉದ್ದಕ್ಕೆ ಓದಿದರೆ ಹುಟ್ಟುವ ಬಗೆ. ಅದನ್ನು ವಿವರಿಸಲೆಂದೇ ನಾನು ಎದ್ದು ನಿಂತಿದ್ದೆ, ನಿಂತಲ್ಲೇ ತಡವರಿಸಿದೆ. ಕೆಳಗೆ ಇನ್ನೂ ವಿಚಿತ್ರ. ಯ, ರ, ಅದರ ನಂತರ ಹಳಗನ್ನಡದ ಱ, ಆಮೇಲೆ ಲ, ಅದರ ಬೆನ್ನಿಗೇ ಳ, ಮತ್ತೊಂದು ಖಾಲಿ ಮನೆ, ಅನಂತರ ವ, ಶ, ಷ, ಸ, ಹ. ನಮ್ಮ ವರ್ಣಮಾಲೆಯ ಕೊನೆಯಲ್ಲಿ ಕೂರಬೇಕಾದ ‘ಳ’ ನಡುವೆ ಬಂದು ಸೇರಿತ್ತು.

ತರಗತಿಯಲ್ಲಿ ತಮಿಳು ಮನೆಮಾತಿನ ಹಿರಿಯ ಮಹಿಳೆಯೊಬ್ಬರಿದ್ದಾರೆ. ಅವರು ‘ಳ’ದ ಪಕ್ಕದ ಖಾಲಿ ಗುಂಡಿಯನ್ನು ಒತ್ತಿ, “ಸಾರ್, ಇದು ಯಾವ ಅಕ್ಷರ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರವೆಲ್ಲ ನಾನೂ ನನ್ನ ವಿದ್ಯಾರ್ಥಿಯೂ ಅದರ ಬೆನ್ನು ಹತ್ತಿದೆವು. ದೋಷ ಮೊಮ್ಮಗಳ ಲೂಪಿನದಲ್ಲ, ಅದು ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ಖಾಲಿ ಮನೆಗಳು ಪಟ್ಟಿಯಲ್ಲೇ ಇವೆ, ಅವು ಅಲ್ಲಿಗೆ ಬಂದುದಕ್ಕೆ ಕಾರಣವಿದೆ. 1980ರ ದಶಕದಲ್ಲಿ ಭಾರತ ಸರ್ಕಾರ ನಮ್ಮ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ರೂಪಿಸಿತು. 1991ರಲ್ಲಿ ಅದು ಭಾರತೀಯ ಮಾನಕ ಬ್ಯೂರೋದ 13194ನೆಯ ಮಾನಕವಾಯಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಅಕ್ಕತಂಗಿಯರಲ್ಲವೆ? ಎಲ್ಲಕ್ಕೂ ಒಂದೇ ಚೌಕಟ್ಟನ್ನಿಟ್ಟರೆ ಒಂದರಿಂದ ಇನ್ನೊಂದಕ್ಕೆ ಲಿಪ್ಯಂತರ ಮಾಡುವುದು ನೀರು ಕುಡಿದಷ್ಟು ಸುಲಭ ಎಂಬುದು ಅದರ ತಿರುಳು. ಯೂನಿಕೋಡಿನವರು 1988ರ ಇಸ್ಕಿಯ ಈ ಚೌಕಟ್ಟನ್ನೇ ಎತ್ತಿಕೊಂಡು ನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳಂ ಈ ಒಂಬತ್ತು ಲಿಪಿಗಳಿಗೂ 128 ಮನೆಗಳ ಒಂದೊಂದು ವಠಾರ ಕಟ್ಟಿಕೊಟ್ಟರು. ನಾಗರಿಯ ‘ಕ’ದ ಸಂಖ್ಯೆ 2325. ಅದಕ್ಕೆ 896 ಕೂಡಿಸಿದರೆ ನಮ್ಮ 3221. ಯಾವ ಅಕ್ಷರಕ್ಕೆ ಕೂಡಿಸಿ ನೋಡಿದರೂ ಸಾಮಾನ್ಯವಾಗಿ ಲೆಕ್ಕ ತಪ್ಪದು.

ಒಂದು ಭಾಷೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಅಕ್ಷರಗಳನ್ನು ಏನು ಮಾಡಬೇಕು? ಇಲ್ಲದವರ ವಠಾರದಲ್ಲಿ ಆ ಮನೆಯನ್ನು ಖಾಲಿ ಬಿಡಬೇಕು. ತಮಿಳಿನಲ್ಲಿ ‘ನ’ಕಾರ ಎರಡು ಬಗೆ. ಎರಡನೆಯದಕ್ಕೆ ಇಟ್ಟ ಮನೆಯೇ ನಮ್ಮಲ್ಲಿ 3241. ನಮಗೆ ಅಂಥ ಅಕ್ಷರವಿಲ್ಲ, ಹಾಗಾಗಿ ‘ನ’ ಮತ್ತು ‘ಪ’ಗಳ ನಡುವೆ ಬಾಗಿಲು ಹಾಕಿದ ಮನೆ. ಸ್ವರಗಳಲ್ಲಿಯೂ ಹೀಗೆ ಎರಡು ಮನೆಗಳು ಖಾಲಿ ಇವೆ. ಮರಾಠಿ, ಹಿಂದಿಗಳು ಇಂಗ್ಲಿಷ್ ಪದಗಳಿಗಾಗಿ ಅರ್ಧಚಂದ್ರವಿಟ್ಟು ಬರೆಯುವ ಸ್ವರಗಳ ಜಾಗ ಅವು. (‘ಬ್ಯಾಂಕ್’ ಎಂದು ಬರೆದು ನಾವು ಸುಧಾರಿಸಿಕೊಳ್ಳುತ್ತೇವೆ.) ಏಕಪಕ್ಷೀಯವೆಂದು ದೂರಬೇಕಾಗಿಯೂ ಇಲ್ಲ. ಹಿಂದಿಗೆ ಬೇಡವಾದ ನಮ್ಮ ಹ್ರಸ್ವ ಎ, ಒ ಗಳಿಗಾಗಿ ನಾಗರಿಯ ವಠಾರದಲ್ಲಿ ಮನೆಗಳನ್ನು ಕಟ್ಟಿದ್ದಾರೆ. ಕೊಟ್ಟು ತೆಗೆದುಕೊಂಡ ವ್ಯವಹಾರ.

ಇನ್ನು ಆ ಮಹಿಳೆ ಒತ್ತಿದ ಮನೆ. ಅದರ ಸಂಖ್ಯೆ 3252, ‘ಳ’ ಮತ್ತು ‘ವ’ಗಳ ನಡುವೆ. ತಮಿಳಿನ ವಠಾರದಲ್ಲಿ ಇದೇ ಮನೆಯಲ್ಲಿ ವಾಸಿಸುವುದು ‘ತಮಿೞ್’ ಎಂಬ ಹೆಸರಿನ ಕೊನೆಯಲ್ಲಿರುವ ೞಕಾರ. ಮಲಯಾಳಂನಲ್ಲಿಯೂ ಅದೇ. ಅಂದರೆ ಆಕೆ ಗೊತ್ತಿಲ್ಲದೆಯೇ ಬೆರಳಿಟ್ಟದ್ದು ತನ್ನ ಭಾಷೆಯ ಹೆಸರಿನ ಅಕ್ಷರದ ಮೇಲೆ!

ಈಗ ಹಳಗನ್ನಡ ಓದಿದವರು ನನ್ನನ್ನು ತಡೆದು ಕೇಳಬೇಕು: ‘ೞ’ ನಮ್ಮಲ್ಲಿಯೂ ಇತ್ತಲ್ಲವೆ? ಇತ್ತು. ಏೞು, ಮೞೆ, ಬಾೞೆ, ಪೞೆಯ ಎಂದೇ ನಮ್ಮ ಹಿರಿಯರು ಬರೆದರು. ಕಾಲಕ್ರಮದಲ್ಲಿ ಅದು ‘ಳ’ದಲ್ಲಿ ಕರಗಿತು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ರಳ ಎಂದು ಕರೆದು, ಕುಳ, ಕ್ಷಳಗಳಿಂದ ಬೇರ್ಪಡಿಸಿ, ಅದು ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಪಟ್ಟಿ ಕೊಡಬೇಕಾಯಿತೆಂದರೆ ಜನರಿಗೆ ಆಗಲೇ ಗೊಂದಲ ಶುರುವಾಗಿತ್ತೆಂದು ನನ್ನ ಊಹೆ. ಕಾಗುಣಿತ ತಿದ್ದುವ ಮೇಷ್ಟರು ಸುಮ್ಮನೆ ಪಟ್ಟಿ ಬರೆಯುವುದಿಲ್ಲ.

ಹಾಗಾದರೆ ಯೂನಿಕೋಡಿನ ಕನ್ನಡ ವಠಾರದಲ್ಲಿ ೞ ಎಲ್ಲಿದೆ? ಇದೆ, ಆದರೆ ತನ್ನ ಮನೆಯಲ್ಲಿಲ್ಲ. ಎಲ್ಲ ವ್ಯಂಜನಗಳನ್ನು ದಾಟಿ, ಗುಣಿತದ ಚಿಹ್ನೆಗಳನ್ನೂ ದಾಟಿ, 3294ನೆಯ ಮನೆಯಲ್ಲಿದೆ. ಅದು ನಾಗರಿಯಲ್ಲಿ ಚುಕ್ಕೆಯಿಟ್ಟ ‘ಫ’ಕಾರಕ್ಕೆ, ಅಂದರೆ ‘ಫೋನ್’ ಎನ್ನುವಾಗಿನ ಫಕಾರಕ್ಕೆ, ಸಲ್ಲುವ ಮನೆ. ಅಷ್ಟೇ ಅಲ್ಲ, ಬಾಗಿಲ ಮೇಲಿನ ಹೆಸರಿನ ಫಲಕದಲ್ಲಿಯೂ ‘ಕನ್ನಡ ಲೆಟರ್ ಫ’ ಎಂದೇ ಬರೆದುಬಿಟ್ಟಿದ್ದಾರೆ! ಪಂಪ, ರನ್ನರು ಬರೆದ ಅಕ್ಷರಕ್ಕೆ ಫೋನಿನ ಫಕಾರದ ಹೆಸರು. ತಪ್ಪೆಂದು ಯೂನಿಕೋಡಿನವರೇ ಒಪ್ಪಿಕೊಂಡು, ಸರಿಯಾದ ಹೆಸರು ಇಂಥದೆಂದು ತಿದ್ದುಪಡಿಯ ಅಡ್ಡಹೆಸರನ್ನು ಸೇರಿಸಿದ್ದಾರೆ. ಆದರೆ ಮೂಲ ಹೆಸರನ್ನು ಅಳಿಸುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವನ್ನು 1996ರ ಎರಡನೆಯ ಆವೃತ್ತಿಯಿಂದ ಅವರು ಪಾಲಿಸುತ್ತ ಬಂದಿದ್ದಾರೆ. ಹೆಸರನ್ನು ನಂಬಿ ಬರೆದ ಪ್ರೋಗ್ರಾಂಗಳು ಕೆಡಬಾರದಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು ತಪ್ಪಿ, ಜೀವನಪೂರ್ತಿ ಆ ತಪ್ಪನ್ನೇ ಸಹಿ ಮಾಡಿದ ಹುಡುಗರನ್ನು ನಾನು ಬಲ್ಲೆ. ೞಕಾರದ ಪಾಡೂ ಅದೇ.

ತೆಲುಗಿನವರ ಅದೃಷ್ಟ ಬೇರೆ. ಅವರ ೞಕಾರ ಯೂನಿಕೋಡಿಗೆ ಬಂದದ್ದು ತಡವಾಗಿ, 2014ರಲ್ಲಿ. ತಡವಾಗಿ ಬಂದರೂ ಸಲ್ಲಬೇಕಾದ ಮನೆಯಲ್ಲಿಯೇ, ಅಂದರೆ ನಮ್ಮ 3252ಕ್ಕೆ ಸಮನಾದ ಮನೆಯಲ್ಲಿಯೇ, ಇಳಿಯಿತು. ನಮ್ಮದು ಮೊದಲೇ ಬಂದಿತ್ತು, ಬಂದುದರಿಂದಲೇ ತಪ್ಪು ಮನೆಯಲ್ಲಿ ಉಳಿಯಿತು. ಕನ್ನಡದ ವಠಾರಕ್ಕೆ ಇಂದಿಗೂ ಹೊಸ ಬಾಡಿಗೆದಾರರು ಬರುವುದುಂಟು. 2021ರಲ್ಲಿ ಶಾಸನಗಳಲ್ಲಿ ಬರುವ ನಕಾರಪೊಲ್ಲು 3293ನೆಯ ಮನೆಗೆ, ೞಕಾರದ ಪಕ್ಕಕ್ಕೇ, ಬಂದು ಸೇರಿತು.

ಇದೆಲ್ಲ ಸತ್ತ ಅಕ್ಷರದ ಚಿಂತೆ, ಇಂದಿನವರಿಗೆ ಯಾಕೆ ಎಂದು ನನ್ನ ಮಗನೇ ಕೇಳಿದ. ಅವನಿಗೆ ನಮ್ಮ ಮನೆಯಿಂದ ದೂರವಿಲ್ಲದ ಒಂದು ಕಲ್ಲಿನ ವಿಷಯ ಹೇಳಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ಶಾಸನ ಹೊರಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯನೆಂಬ ವೀರ ಕಾದಾಡಿ ಮಡಿದುದನ್ನು ಹೇಳುವ ಈ ಶಾಸನ ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳ ಸಾಲಿಗೆ ಸೇರುತ್ತದೆ. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊೞಲ್ನಾಡು. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಪೆರ್ಬೊೞಲ್ ಎಂದರೆ ಹಿರಿಯ ಪಟ್ಟಣ. ‘ಪ’ ‘ಹ’ವಾಗಿ, ‘ೞ’ ‘ಳ’ವಾಗಿ ಸವೆದು ಇಂದಿನ ಹೆಬ್ಬಾಳ ಆಯಿತು. ದಿನವೂ ಲಕ್ಷ ಜನ ಮೇಲ್ಸೇತುವೆಯ ಮೇಲೆ ದಾಟಿಹೋಗುವ ಊರಿನ ಹೆಸರನ್ನು ಅದರ ಹಳೆಯ ರೂಪದಲ್ಲಿ ಬರೆಯಬೇಕಾದರೆ ಆ ೞಕಾರ ಬೇಕೇ ಬೇಕು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯದಲ್ಲಿ ಈ ಕಲ್ಲನ್ನೂ ಸೇರಿಸಿಕೊಂಡಿದ್ದಾರೆ. ಮಗ ಮರುಮಾತಾಡಲಿಲ್ಲ. ಒಪ್ಪಿದನೋ, ಕಾಫಿ ಆರಿಹೋಗುತ್ತಿತ್ತೋ ತಿಳಿಯದು.

ಪರದೆಯನ್ನು ಸರಿಪಡಿಸಿದ್ದು ಹೇಗೆಂದು ಹೇಳಿ ಮುಗಿಸುತ್ತೇನೆ. ಖಾಲಿ ಮನೆಗಳನ್ನು ಬಿಟ್ಟು ದಾಟುವಂತೆ ಲೂಪಿಗೆ ಹೇಳೋಣವೆಂದು ಮೊಮ್ಮಗಳು ಸೂಚಿಸಿದಳು. ಅದರಿಂದ ವರ್ಗಗಳು ನೆಟ್ಟಗಾಗುತ್ತವೆ, ‘ಳ’ ಮಾತ್ರ ನಡುವೆಯೇ ಉಳಿಯುತ್ತದೆ. ಕೊನೆಗೆ ಸಂಖ್ಯೆ ಎಣಿಸುವುದನ್ನೇ ಬಿಟ್ಟೆವು. ನಾನು ಒಂದು ಹಾಳೆಯ ಮೇಲೆ ಕದಿಂದ ಳದವರೆಗಿನ ಮೂವತ್ತನಾಲ್ಕು ವ್ಯಂಜನಗಳನ್ನು ನಮ್ಮ ಕ್ರಮದಲ್ಲಿ ಬರೆದುಕೊಟ್ಟೆ. ಅವಳು ಅದನ್ನು ಹಾಗೆಯೇ ಪಟ್ಟಿಯಾಗಿ ಟೈಪು ಮಾಡಿ, ಲೂಪನ್ನು ಆ ಪಟ್ಟಿಯ ಮೇಲೆ ಓಡಿಸಿದಳು. ಮೊದಲು ಎಲ್ಲ ಗುಂಡಿಗಳನ್ನೂ ಒಂದು ಕಾಣದ ತಟ್ಟೆಯಲ್ಲಿ ಜೋಡಿಸಿಕೊಂಡು, ಆಮೇಲೆ ಒಟ್ಟಿಗೆ ಪರದೆಗೆ ಬಡಿಸುವುದು ಒಳ್ಳೆಯ ಅಭ್ಯಾಸವೆಂದು ಅವಳ ಗುರು ಹೇಳಿಕೊಟ್ಟ. ಸಾವಿರಾರು ವಸ್ತುಗಳಿರುವಲ್ಲಿ ಅದು ಉಪಯೋಗಕ್ಕೆ ಬರುತ್ತದಂತೆ. ನಮ್ಮ ಮೂವತ್ತನಾಲ್ಕಕ್ಕೆ ವ್ಯತ್ಯಾಸವೇನೂ ಕಾಣಲಿಲ್ಲ. ‘ಮ’ ತನ್ನ ಕಂಬದ ಬುಡಕ್ಕೆ ಮರಳಿತು, ‘ಳ’ ಕೊನೆಗೆ ಹೋಯಿತು.

ಅದರ ಕೆಳಗೆ ಬೇರೆ ಬಣ್ಣದಲ್ಲಿ ಎರಡು ಗುಂಡಿಗಳನ್ನು ಇರಿಸಿದೆವು, ಱ ಮತ್ತು ೞ. ಉಳಿದವುಗಳ ಧ್ವನಿ ನನ್ನದು. ೞಕಾರವನ್ನು ನಾನು ಆರು ಸಲ ಹೇಳಿ ಧ್ವನಿಮುದ್ರಿಸಿದೆ, ಆರು ಸಲವೂ ಅದು ‘ಳ’ವೇ ಆಗಿ ಕೇಳಿಸಿತು, ಎಪ್ಪತ್ತು ದಾಟಿದ ನಾಲಿಗೆ ಇನ್ನು ಹೊಸ ಮಡಿಕೆ ಕಲಿಯದು. ಮುಂದಿನ ಭಾನುವಾರ ಆ ಹಿರಿಯ ಮಹಿಳೆಗೆ ವಿಷಯ ತಿಳಿಸಿದಾಗ ಅವರು ನಕ್ಕು, ಮೈಕಿನ ಮುಂದೆ ಕುಳಿತು, ಒಂದೇ ಸಲಕ್ಕೆ ಹೇಳಿದರು. ಈಗ ನಮ್ಮ ಪರದೆಯಲ್ಲಿ ಆ ಒಂದು ಗುಂಡಿ ಮಾತ್ರ ಅವರ ಧ್ವನಿಯಲ್ಲಿ ನುಡಿಯುತ್ತದೆ.